ಆದೇಶದಲ್ಲಿ ಇಲ್ಲದ ಅಜ್ಜಿಯ ಕುರಿತು

ಕೌಟುಂಬಿಕ ಪದಬಳಕೆ ಮತ್ತು ಭೇಟಿ ನಿರ್ವಹಣಾ ಘಟಕ
ತರೀಕೆರೆ ಶಾಖೆ
(ಕಡೂರು ಮತ್ತು ಅಜ್ಜಂಪುರ ತಾಲ್ಲೂಕುಗಳೂ ಸೇರಿದಂತೆ)

ಸಂಖ್ಯೆ: ಕೌಪಭೇನಿಘ/ತರೀ/ಅಜ್ಜಿ/ಶಾವಿಗೆ/ತುರ್ತು

ಸುತ್ತೋಲೆ

ವಿಷಯ: ಮಕ್ಕಳ ಭೇಟಿ ಕೊಠಡಿಯಲ್ಲಿ ಇಂಗ್ಲಿಷ್ ಕಾನೂನು ಪದಗಳನ್ನೇ ಕಡ್ಡಾಯವಾಗಿ ಬಳಸುವ ಬಗ್ಗೆ, ಹಾಗೂ ಆ ಪದಗಳಲ್ಲಿ ಎಲ್ಲಿಯೂ ಸೇರದ ಮಲ್ಲಿಕಾಂಬ ಎಂಬುವರನ್ನು ಏನು ಮಾಡಬೇಕು ಎಂಬ ಬಗ್ಗೆ.

ಉಲ್ಲೇಖ:
1. ಇದೇ ವಿಷಯದ ಮೇಲಿನ ಹಿಂದಿನ ಸುತ್ತೋಲೆ. ಅದನ್ನು ಇಲಿ ತಿಂದಿರುತ್ತದೆ.
2. ಕಾವಲುಗಾರ ಭೈರೇಶ್ ಅವರ ವರದಿ. ಇದರಲ್ಲಿ ಅವರು ಅನಗತ್ಯವಾಗಿ ಕಣ್ಣೀರನ್ನೂ ನಮೂದಿಸಿದ್ದು, ಕಣ್ಣೀರನ್ನು ಕೈಬಿಟ್ಟು ಉಳಿದದ್ದನ್ನು ಅಂಗೀಕರಿಸಲಾಗಿದೆ.
3. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಎಂಬ ಗಾದೆ.

ಪ್ರಸ್ತಾವನೆ

ಗಂಡ ಹೆಂಡತಿ ಬೇರೆಯಾಗಿ, ಮಕ್ಕಳ ವಿಷಯ ನ್ಯಾಯಾಲಯದಲ್ಲಿರುವ ಕುಟುಂಬಗಳ ಅನುಕೂಲಕ್ಕಾಗಿ ಈ ಘಟಕವು ತರೀಕೆರೆಯಲ್ಲಿ ಒಂದು ಭೇಟಿ ಕೊಠಡಿಯನ್ನು ನಡೆಸುತ್ತಿರುವುದು ಸರಿಯಷ್ಟೆ. ಮಗು ಒಬ್ಬರ ಬಳಿ ಇರುವಾಗ ಇನ್ನೊಬ್ಬರು ಇಲ್ಲಿಗೆ ಬಂದು ನೋಡಿಕೊಂಡು ಹೋಗಬಹುದು. ಕೊಠಡಿಯನ್ನು ಬೀರೂರಿನಲ್ಲಿ ತೆರೆದಿದ್ದರೆ ಕಡೂರಿನವರಿಗೂ ಅಜ್ಜಂಪುರದವರಿಗೂ ಹತ್ತಿರವಾಗುತ್ತಿತ್ತು ಎಂಬ ಗೊಣಗಾಟ ಸಾರ್ವಜನಿಕರಲ್ಲಿದೆ. ಹತ್ತಿರವಾದರೆ ಜನ ಬಂದುಬಿಡುತ್ತಾರೆ ಎಂಬ ಅಂಶವನ್ನು ಕೂಲಂಕಷವಾಗಿ ಪರಿಶೀಲಿಸಿ, ಇಬ್ಬರಿಗೂ ಸಮಾನವಾಗಿ ದೂರವಾಗುವ ತರೀಕೆರೆಯನ್ನು ಆಯ್ಕೆ ಮಾಡಲಾಗಿದೆ.

ಈ ಕೊಠಡಿಗೆ ಬರುವವರು ಇಂದಿಗೂ ಅತ್ತೆ, ಮಾವ, ಬೀಗರು, ಮೊಮ್ಮಗಳು ಮುಂತಾದ ಅಸ್ಪಷ್ಟ ಪದಗಳನ್ನೇ ಬಳಸುತ್ತಿರುವುದು ವಿಷಾದನೀಯ. ಇಂಥ ಪದಗಳಿಂದ ಯಾರು ಯಾರ ವಿರುದ್ಧ ಎಂಬುದೇ ಗೊತ್ತಾಗುವುದಿಲ್ಲ. ಪಿಟಿಷನರ್, ರೆಸ್ಪಾಂಡೆಂಟ್, ಗಾರ್ಡಿಯನ್, ಮೈನರ್, ಕಸ್ಟಡಿ, ವಿಸಿಟೇಷನ್ ಮುಂತಾದ ಪದಗಳು ಹಾಗಲ್ಲ. ಅವನ್ನು ಕೇಳಿದ ಕೂಡಲೇ ಎದೆ ಝಲ್ಲೆನ್ನುತ್ತದೆ. ಸರ್ಕಾರಿ ಕೆಲಸಕ್ಕೆ ಬೇಕಾದ್ದು ಅದೇ.

ಪ್ರಕರಣದ ಸಂಕ್ಷಿಪ್ತ ವಿವರ

ಅಜ್ಜಂಪುರದ ಕೊಬ್ಬರಿ ವ್ಯಾಪಾರಿ ಓಂಕಾರೇಶ್ ಮತ್ತು ಕಡೂರಿನ ಶಾಲಾ ಶಿಕ್ಷಕಿ ಸಂಗೀತಾ ಇವರು ಗಂಡ ಹೆಂಡತಿ. ಕೆಲಸ ಬಿಟ್ಟು ಮನೆಯಲ್ಲಿರು ಎಂದು ಒಬ್ಬರು, ಬಿಡುವುದಿಲ್ಲ ಎಂದು ಇನ್ನೊಬ್ಬರು. ಇಬ್ಬರೂ ಬಗ್ಗಲಿಲ್ಲ. ಸಂಗೀತಾ ತಮ್ಮ ಮಗಳು ನಿಖಿತಾಳನ್ನು ಕರೆದುಕೊಂಡು ಕಡೂರಿನಲ್ಲಿರುವ ತಂದೆ ಜಯದೇವಪ್ಪನವರ ಮನೆಗೆ ಬಂದು ನೆಲೆಸಿ, ಬೇರ್ಪಡಲು ದಾವೆ ಹೂಡಿರುತ್ತಾರೆ. ಆರು ವರ್ಷದ ನಿಖಿತಾ ಅಂದಿನಿಂದ ಮೈನರ್. ಅದಕ್ಕೂ ಮುಂಚೆ ಆಕೆ ಬರೀ ಹುಡುಗಿಯಾಗಿದ್ದಳು.

ತಿಂಗಳ ಮೊದಲನೇ ಮತ್ತು ಮೂರನೇ ಶನಿವಾರ ತಂದೆಯು ಮಗಳನ್ನು ಈ ಕೊಠಡಿಯಲ್ಲಿ ಭೇಟಿ ಮಾಡಬಹುದು ಎಂದು ನ್ಯಾಯಾಲಯದ ಮಧ್ಯಂತರ ಆದೇಶ. ಆದೇಶದಲ್ಲಿ ತಂದೆ ಇದ್ದಾರೆ, ತಾಯಿ ಇದ್ದಾರೆ, ಮೈನರ್ ಇದ್ದಾಳೆ, ಶನಿವಾರ ಕೂಡ ಇದೆ. ಅಜ್ಜಿ ಇಲ್ಲ. ಹೀಗಿದ್ದಾಗ್ಯೂ ಮೊದಲ ಶನಿವಾರವೇ ಓಂಕಾರೇಶ್ ಅವರ ತಾಯಿ ಮಲ್ಲಿಕಾಂಬ ಎಂಬುವರು ಮಗನ ಹಿಂದೆಯೇ ಅಜ್ಜಂಪುರದ ಬಸ್ಸಿನಿಂದ ಇಳಿದು ಗೇಟಿನ ಬಳಿ ಹಾಜರಾಗಿರುತ್ತಾರೆ.

ಸದರಿ ಮಲ್ಲಿಕಾಂಬ ಅವರು ಮೈನರ್ ಹುಟ್ಟಿದಂದಿನಿಂದ ಕಡೂರಿಗೆ ಹೋಗುವ ತನಕ ಆಕೆಗೆ ಎರೆದು, ಉಣಿಸಿ, ಬೆನ್ನು ತಟ್ಟಿ ಮಲಗಿಸಿದವರು. ಸಂಗೀತಾ ಅವರಿಗೆ ತಾಯಿ ಇರಲಿಲ್ಲ. ಆದ್ದರಿಂದ ತವರಿನಲ್ಲಿ ಆಗಬೇಕಾಗಿದ್ದ ಬಾಣಂತನವೂ ಅಜ್ಜಂಪುರದಲ್ಲೇ ಆಗಿ, ಬಾಣಂತಿಯ ಬೆನ್ನಿಗೆ ಬಿಸಿನೀರು ಹುಯ್ದವರು, ಶುಂಠಿ ಮೆಣಸಿನ ಕಾಯ ಕುಟ್ಟಿ ತಿನ್ನಿಸಿದವರು ಇವರೇ. ಇವೆಲ್ಲ ಭಾವನಾತ್ಮಕ ಸಂಗತಿಗಳಾಗಿದ್ದು ಈ ಘಟಕದ ವ್ಯಾಪ್ತಿಗೆ ಬರುವುದಿಲ್ಲ. ವರದಿಯಲ್ಲಿ ಇದ್ದುದರಿಂದ ಓದಬೇಕಾಯಿತು.

ಗೇಟಿನಲ್ಲಿ ನಡೆದ ಮಾತುಕತೆಯನ್ನು ಭೈರೇಶ್ ಅವರು ಹೀಗೆ ದಾಖಲಿಸಿರುತ್ತಾರೆ:

"ಏನಪ್ಪಾ, ಆ ಕಾಗ್ದದಲ್ಲಿ ನಾನಿಲ್ವಾ? ಸರ್ಯಾಗ್ ನೋಡು, ಹಿಂದ್ಗಡೆ ಬರ್ದಿರ್ಬೋದು."

ಭೈರೇಶ್ ಕಾಗದವನ್ನು ತಿರುಗಿಸಿ ನೋಡಿರುತ್ತಾರೆ. ಹಿಂದುಗಡೆ ಖಾಲಿ ಇತ್ತು.

"ಇಲ್ಲ ಕಣಮ್ಮಾ. ಸಾಹೇಬ್ರು ನಿಮ್ಮನ್ನ ಥರ್ಡ್ ಪಾರ್ಟಿ ಅಂದವ್ರೆ."

"ಯಾವ್ ಪಾರ್ಟಿನೂ ನಂಗ್ ಬೇಡ ಕಣಪ್ಪಾ. ಮಗೀನ ಒಂದ್ಸಲ ಎತ್ಕೊಂಡು ಕೊಟ್ಬಿಡ್ತೀನಿ."

ಆರು ವರ್ಷದ ಮೈನರ್‌ಅನ್ನು ಎತ್ತಿಕೊಳ್ಳುವ ಶಕ್ತಿ ತಮಗಿದೆಯೇ ಎಂಬ ಬಗ್ಗೆ ವೈದ್ಯಕೀಯ ದೃಢೀಕರಣ ಹಾಜರುಪಡಿಸಿಲ್ಲವಾದ್ದರಿಂದ ಅವರನ್ನು ಹೊರಗೇ ಕೂರಿಸಲಾಯಿತು. ಅವರು ಅಲ್ಲಿ ಕೂರಲಿಲ್ಲ. ಕಾಂಪೌಂಡಿನ ಸುತ್ತ ಬಳಸಿಕೊಂಡು ಹೋಗಿ ಕೊಠಡಿಯ ಹಿಂಬದಿ ಕಿಟಕಿಯ ಸರಳುಗಳ ನಡುವೆ ಕೈ ತೂರಿಸಿ, ಮೈನರ್‌ನ ಕೆನ್ನೆ ಸವರಿ, ತಮ್ಮ ತಲೆಯ ಎರಡೂ ಕಡೆ ನೆಟಿಕೆ ಮುರಿದು ದೃಷ್ಟಿ ತೆಗೆದಿರುತ್ತಾರೆ. ನೆಟಿಕೆಯ ಸದ್ದು ಪಕ್ಕದ ಕೊಠಡಿಯಲ್ಲಿ ಕಡತ ನೋಡುತ್ತಿದ್ದ ಅಧಿಕಾರಿಗೂ ಕೇಳಿಸಿರುತ್ತದೆ. ಸೋಮವಾರವೇ ಆ ಕಿಟಕಿಗೆ ಪ್ಲೈವುಡ್ ಹೊಡೆಸಲಾಯಿತು. ರಸ್ತೆಗಳ ಗುಂಡಿ ಮುಚ್ಚಲು ವರ್ಷಗಟ್ಟಲೆ ಹಿಡಿಯುತ್ತದೆ ಎಂದು ದೂರುವವರು ಇದನ್ನು ಗಮನಿಸತಕ್ಕದ್ದು.

ಮುಂದಿನ ಭೇಟಿಗಳಲ್ಲಿ ತಂದೆಯವರು ಕುರ್ಚಿಯಲ್ಲಿ ಕುಳಿತು ಮೊಬೈಲಿನಲ್ಲಿ ಕೊಬ್ಬರಿ ಧಾರಣೆ ನೋಡುತ್ತಿದ್ದುದು, ಮೈನರ್ ಅವರಿಗೆ ಬೆನ್ನು ಹಾಕಿ ಪ್ಲೈವುಡ್‌ಗೆ ಬಾಯಿಟ್ಟು ಗಟ್ಟಿಯಾಗಿ ಮಗ್ಗಿ ಒಪ್ಪಿಸುತ್ತಿದ್ದುದು, ಪ್ಲೈವುಡ್‌ನ ಆಚೆಯಿಂದ "ಭೇಷ್ ಕಣವ್ವಾ, ಮುಂದುಕ್ಕ್ ಹೇಳು" ಎಂಬ ಧ್ವನಿ ಬರುತ್ತಿದ್ದುದು ಕಂಡುಬಂದಿರುತ್ತದೆ. ಪ್ಲೈವುಡ್ ಮೂಲಕ ನಡೆಯುವ ಭೇಟಿಗೆ ಇಂಗ್ಲಿಷಿನಲ್ಲಿ ಪದವಿಲ್ಲದ ಕಾರಣ ಕ್ರಮ ಕೈಗೊಳ್ಳಲಾಗಲಿಲ್ಲ.

ಹೀಗಿರಲಾಗಿ ಒಂದು ಶನಿವಾರ ಓಂಕಾರೇಶ್ ಕೊಬ್ಬರಿ ಲೋಡಿನ ಜೊತೆ ತಿಪಟೂರಿಗೆ ಹೋಗಿ, ಭೇಟಿಗೆ ಗೈರಾದರು. ಅತ್ತ ಕಡೂರಿನಿಂದ ಮೈನರ್‌ಅನ್ನು ಕರೆದುಕೊಂಡು, ಆ ದಿನ ತಾಯಿಯ ಬದಲು ತಾಯಿಯ ತಂದೆ ಜಯದೇವಪ್ಪ ಬಂದರು. ಇತ್ತ ಅಜ್ಜಂಪುರದಿಂದ ಮಲ್ಲಿಕಾಂಬ ಒಬ್ಬರೇ ಬಂದರು, ಕೈಯಲ್ಲಿ ಸ್ಟೀಲ್ ಕ್ಯಾರಿಯರ್. ಕ್ಯಾರಿಯರಿನಲ್ಲಿ ಒತ್ತುಶಾವಿಗೆ ಮತ್ತು ಕಾಯಿಹಾಲು. ತಂದೆ ಇಲ್ಲದೆ ವಿಸಿಟೇಷನ್ ಇಲ್ಲ, ವಿಸಿಟೇಷನ್ ಇಲ್ಲದೆ ಕೊಠಡಿಯ ಬೀಗ ತೆಗೆಯುವಂತಿಲ್ಲ ಎಂದು ಭೈರೇಶ್ ನಿಯಮಾನುಸಾರ ತಿಳಿಸಿದರು. ಎರಡು ಊರುಗಳಿಂದ ಬಸ್ಸು ಹತ್ತಿ ಬಂದವರು, ಜಯದೇವಪ್ಪ ನೆರಳಲ್ಲಿ ಕುಳಿತು, ಮಲ್ಲಿಕಾಂಬ ಬಿಸಿಲಲ್ಲಿ ನಿಂತು, ಬೀಗ ನೋಡತೊಡಗಿದರು.

ಇಲ್ಲಿಯವರೆಗೆ ಎಲ್ಲವೂ ಕ್ರಮಬದ್ಧವಾಗಿಯೇ ಇತ್ತು. ಪಕ್ಷಗಳು ಪರಸ್ಪರ ಮುಖ ತಿರುಗಿಸಿಕೊಂಡು ವಾಪಸ್ ಬಸ್ಸು ಹತ್ತಿದ್ದರೆ ಈ ಸುತ್ತೋಲೆಯ ಅಗತ್ಯವೇ ಇರಲಿಲ್ಲ. ಆದರೆ ಜಯದೇವಪ್ಪನವರು ಹೆಣ್ಣು ಕೊಟ್ಟ ಕಡೆಯವರು. ದಾವೆ ನಡೆಯುತ್ತಿದೆ ಎಂಬುದನ್ನು ಸಂಪೂರ್ಣ ಮರೆತು, ಗಂಡಿನ ತಾಯಿಯನ್ನು ಕಂಡ ಕೂಡಲೇ ಹೆಗಲ ಮೇಲಿನ ಟವೆಲ್ ತೆಗೆದು, ಎದ್ದುನಿಂತು, ಕೈ ಮುಗಿದಿರುತ್ತಾರೆ.

"ಬನ್ನಿ ಅಮ್ಮಾವ್ರೇ. ಬಿಸ್ಲಲ್ಲಿ ಯಾಕ್ ನಿಂತ್ರಿ? ನೆಳ್ಳಿಗ್ ಬನ್ನಿ."

ಮೂವರೂ ಗೇಟಿನ ಹೊರಗಿನ ಹೊಂಗೆ ಮರದ ಕೆಳಗೆ ಕುಳಿತರು. ಮಲ್ಲಿಕಾಂಬ ಕ್ಯಾರಿಯರ್ ಬಿಚ್ಚಿ ಮೈನರ್‌ಗೆ ತುತ್ತಿಡಲು ಆರಂಭಿಸಿ, ಎರಡನೇ ತುತ್ತಿಗೆ ಕೈ ನಿಲ್ಲಿಸಿದರು.

"ಬೀಗ್ರನ್ನ ಎದುರ್ಗೆ ಕೂರಿಸ್ಕೊಂಡು ನಾವ್ ಮಾತ್ರ ತಿನ್ನಕ್ಕಾಗುತ್ತಾ? ಹಿಡೀರಿ."

"ಬ್ಯಾಡಿ ಅಮ್ಮಾವ್ರೇ, ಕೋರ್ಟಲ್ಲಿ ಕೇಸೈತೆ."

"ಕೇಸ್ ಕೋರ್ಟಲ್ಲಿರ್ಲಿ. ಇದು ಶಾವಿಗೆ, ಆರೋಗುತ್ತೆ."

ಎದುರು ಪಕ್ಷದವರು ಎದುರು ಪಕ್ಷದ ಶಾವಿಗೆಯನ್ನು ಕ್ಯಾರಿಯರಿನ ಮುಚ್ಚಳದಲ್ಲಿ ಹಾಕಿಸಿಕೊಂಡು, ಮೇಲೆ ಕಾಯಿಹಾಲನ್ನೂ ಹುಯ್ಯಿಸಿಕೊಂಡು ತಿಂದಿರುತ್ತಾರೆ. ವಿಚಾರಣೆಯ ವೇಳೆ ಭೈರೇಶ್ ಅವರು ತಾವೂ ತಿಂದಿದ್ದಾಗಿ ಒಪ್ಪಿಕೊಂಡಿದ್ದು, ಬೆಲ್ಲ ಹದವಾಗಿತ್ತು ಎಂದು ಕೇಳದಿದ್ದರೂ ತಿಳಿಸಿರುತ್ತಾರೆ. ಶಾವಿಗೆ ಒತ್ತುವುದು ಒಬ್ಬರಿಂದ ಆಗುವ ಕೆಲಸವಲ್ಲ. ಶಾವಿಗೆ ಒರಳನ್ನು ಯಾರೋ ಒತ್ತಿಕೊಟ್ಟಿರಲೇಬೇಕು ಎಂದು ತನಿಖೆ ಮಾಡಲಾಗಿ, ಮಲ್ಲಿಕಾಂಬ ಅವರ ಪತಿ ಮಲ್ಲಿಕಾರ್ಜುನಪ್ಪ ಎಂಬುವರ ಕೈವಾಡ ಬೆಳಕಿಗೆ ಬಂದಿದೆ.

ಮರವು ಕಾಂಪೌಂಡಿನ ಹೊರಗಿರುವುದರಿಂದ ಘಟನೆ ತಮ್ಮ ವ್ಯಾಪ್ತಿಯಲ್ಲಿಲ್ಲ ಎಂದು ಭೈರೇಶ್ ವಾದಿಸಿರುತ್ತಾರೆ. ಸ್ಥಳ ಪರಿಶೀಲನೆ ನಡೆಸಲಾಗಿ, ಮರ ಹೊರಗಿದ್ದರೂ ಅದರ ನೆರಳು ಒಳಗೆ ಬೀಳುತ್ತದೆ. ಆದ್ದರಿಂದ ಮಲ್ಲಿಕಾಂಬ ಅವರು ಇನ್ನು ಮುಂದೆ ಸದರಿ ಮರದ ನೆರಳು ಮುಟ್ಟುವಷ್ಟು ಹತ್ತಿರಕ್ಕೂ ಬರಕೂಡದೆಂದು ಅವರಿಗೆ ನೋಟಿಸು ಜಾರಿ ಮಾಡಲಾಯಿತು.

ಈ ಬಗ್ಗೆ ಸಮಜಾಯಿಷಿ ಕೇಳಲು ಸಂಗೀತಾ ಅವರನ್ನು ಕರೆಸಲಾಗಿತ್ತು. ತಮ್ಮ ಕಡೆಯವರು ಎದುರು ಪಕ್ಷದ ಜೊತೆ ಸೇರಿ ಒಳಸಂಚು ನಡೆಸಿದ್ದಾರೆ ಎಂದು ತಿಳಿಸಿದರೆ ಕೃತಜ್ಞತೆ ಸಲ್ಲಿಸುವುದನ್ನು ಬಿಟ್ಟು, ಅವರು ಹೀಗೆ ಹೇಳಿಕೆ ನೀಡಿರುತ್ತಾರೆ:

"ಇಷ್ಟ್ ದಿನ ಅತ್ತೇನ ಹೊರಗೆ ಕೂರಿಸಿದ್ರಾ? ನಂಗೊತ್ತೇ ಇರ್ಲಿಲ್ಲ ಕಣ್ರೀ. ಮಗಳನ್ನ ಗೇಟಲ್ಲಿ ಭೈರೇಶ್ ಕೈಗೆ ಒಪ್ಪಿಸಿ ಹೋಗ್ತಿದ್ದೆ, ಅತ್ತೇನ ಒಳಗೆ ಬಿಡ್ತಾರೆ ಅಂದ್ಕೊಂಡಿದ್ದೆ. ಇವ್ಳು ಬಂದು ಅಜ್ಜಿ ಕಿಟ್ಕಿಲಿದ್ರು ಅಂದ್ರೆ ಆಟ ಆಡ್ತಾರೆ ಅಂದ್ಕೊಂಡೆ. ನನ್ನ ಜಗಳ ಅವ್ರ ಮಗನ ಜೊತೆ. ನಂಗೆ ಬಾಣಂತನ ಮಾಡಿದ್ ಕೈ ಅದು. ಇವ್ಳನ್ನ ಅಜ್ಜಂಪುರಕ್ಕೆ ಕಳಿಸಿದ್ರೆ ಕಸ್ಟಡಿ ಹೊರಟೋಗುತ್ತೆ ಅಂತ ಎಲ್ರೂ ಹೆದರ್ಸಿದ್ರು, ಅದಕ್ಕೇ ಕಳಿಸ್ಲಿಲ್ಲ. ನಾನೂ ಹೆದ್ರಿದೆ."

ಹೆದರಿದ್ದು ಸರಿಯಾಗಿಯೇ ಇದೆ ಎಂದು ಅವರಿಗೆ ಸಮಾಧಾನ ಹೇಳಿ ಕಳುಹಿಸಲಾಯಿತು.

ಮೇಲ್ಕಂಡ ಎಲ್ಲಾ ಅಂಶಗಳ ಹಿನ್ನೆಲೆಯಲ್ಲಿ, ಕೊಠಡಿಗೆ ಬರುವ ಸಮಸ್ತರಿಗೂ ಈ ಕೆಳಕಂಡಂತೆ ಅಪ್ಪಣೆ ಮಾಡಲಾಗಿದೆ:

1. ಕೊಠಡಿಯ ಒಳಗೆ, ವರಾಂಡದಲ್ಲಿ ಮತ್ತು ಗೇಟಿನಿಂದ ಕೂಗಿದರೆ ಕೇಳಿಸುವಷ್ಟು ದೂರದವರೆಗೆ ಮಗು, ಕೂಸು, ಕಂದ, ಪುಟ್ಟಿ, ಚಿನ್ನ ಎಂಬ ಪದಗಳನ್ನು ನಿಷೇಧಿಸಲಾಗಿದೆ. ಮೈನರ್ ಎಂದೇ ಕರೆಯತಕ್ಕದ್ದು. ಪ್ರೀತಿ ತೀರಾ ಉಕ್ಕಿ ಬಂದಲ್ಲಿ ಅದೇ ಪದವನ್ನು ರಾಗವಾಗಿ ಕರೆಯಲು ಅಡ್ಡಿಯಿಲ್ಲ. ಆದರೆ ಆ ರಾಗವು ಜೋಗುಳದ ಹತ್ತಿರಕ್ಕೆ ಬರಬಾರದು.

2. ಮೈನರ್ ತೊಡೆಯ ಮೇಲೆ ಕುಳಿತರೆ ಅದು ಕಸ್ಟಡಿ. ಪಕ್ಕದಲ್ಲಿ ಕುಳಿತರೆ ವಿಸಿಟೇಷನ್. ಬೆನ್ನ ಮೇಲೆ ಹತ್ತಿ ಉಪ್ಪುಮೂಟೆ ಆಡಿದರೆ ಅದು ಸ್ಥಳ ಬದಲಾವಣೆಯಾಗಿದ್ದು, ನ್ಯಾಯಾಲಯದ ಪೂರ್ವಾನುಮತಿ ಅಗತ್ಯ. ತೊಡೆಯ ಮೇಲೆ 'ಆನೆ ಬಂತೊಂದಾನೆ' ಎಂದು ಕುಣಿಸುವವರು ಆನೆ ಯಾವ ಊರಿನದೆಂಬುದನ್ನು ಮುಂಚಿತವಾಗಿ ತಿಳಿಸತಕ್ಕದ್ದು.

3. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಹಿರಿಯರು ಹೇಳಿರುವುದು ಘಟಕದ ಗಮನಕ್ಕೆ ಬಂದಿದೆ. ಅಂದರೆ ಉಂಡರೆ ಜಗಳ ಮುಗಿಯುವ ಅಪಾಯವಿದೆ. ಜಗಳ ಮುಗಿದರೆ ಬಾಕಿ ಇರುವ ದಾವೆಗಳ ಗತಿಯೇನು? ಆದ್ದರಿಂದ ದಾವೆ ಇತ್ಯರ್ಥವಾಗುವವರೆಗೆ ಪಕ್ಷಗಳು ಒಟ್ಟಿಗೆ ಉಣ್ಣುವುದನ್ನು ತಡೆಹಿಡಿಯಲಾಗಿದೆ. ಮಲಗುವುದರ ಬಗ್ಗೆ ಪ್ರತ್ಯೇಕ ಸುತ್ತೋಲೆ ಹೊರಡಿಸಲಾಗುವುದು.

4. ಇದು ಕಾಗಕ್ಕನ ಪಾಲು, ಇದು ಗುಬ್ಬಕ್ಕನ ಪಾಲು ಎಂದು ತುತ್ತುಗಳನ್ನು ವಿಂಗಡಿಸಿ ಉಣಿಸುವ ಪದ್ಧತಿ ಈ ಭಾಗದಲ್ಲಿ ವ್ಯಾಪಕವಾಗಿದೆ. ಪಾಲು ಮಾಡುವುದು ಪಾರ್ಟಿಷನ್ ಎಂಬ ಬೇರೆ ಬಗೆಯ ದಾವೆಗೆ ಸೇರುತ್ತದೆ. ಕಾಗೆ ಮತ್ತು ಗುಬ್ಬಿ ಈ ಪ್ರಕರಣದಲ್ಲಿ ಪಕ್ಷಗಾರರಲ್ಲ. ಪಾಲು ಬೇಕಾದಲ್ಲಿ ಅವು ವಕೀಲರ ಮೂಲಕ ಹಾಜರಾಗತಕ್ಕದ್ದು.

5. ಜಡೆ ಹಾಕುವುದು ಗಾರ್ಡಿಯನ್ ಆದವರಿಗೆ ಮಾತ್ರ. ಬೇರೆಯವರು ಬಿಚ್ಚಿಹೋದ ಜಡೆಯನ್ನು ನೋಡಬಹುದು.

6. ಭೇಟಿ ಮುಗಿಸಿ ಹೊರಡುವವರು "ಹೋಗ್ಬರ್ತೀನಿ" ಎನ್ನುತ್ತಿರುವುದು ಆಕ್ಷೇಪಾರ್ಹ. ಹೋಗುವುದಕ್ಕೆ ಅನುಮತಿ ಇದೆ. ಬರುತ್ತೇನೆ ಎಂಬುದು ಮುಂದಿನ ಭೇಟಿಯ ಭರವಸೆಯಾಗಿದ್ದು, ಅದನ್ನು ಕೊಡುವ ಅಧಿಕಾರ ಯಾರಿಗೂ ಇಲ್ಲ. ಹೊರಡುವಾಗ "ವಿಸಿಟೇಷನ್ ಕನ್‌ಕ್ಲೂಡೆಡ್" ಎಂದು ಸ್ಪಷ್ಟವಾಗಿ ಉಚ್ಚರಿಸಿ, ರುಜು ಮಾಡಿ ತೆರಳತಕ್ಕದ್ದು. ಹೀಗೆ ಹೇಳದೆ ಹೋದವರನ್ನು ಹೋಗಿಲ್ಲವೆಂದೇ ಭಾವಿಸಲಾಗುವುದು.

7. ಬೀಗರು ಬೀಗರನ್ನು ಕಂಡಾಗ ಎದ್ದುನಿಲ್ಲುವುದನ್ನು ನಿಷೇಧಿಸಿದೆ. ಅಭ್ಯಾಸಬಲದಿಂದ ಎದ್ದುಬಿಟ್ಟವರು, ಕಾಲು ಜೋಮು ಹಿಡಿದಿತ್ತು ಎಂದು ಲಿಖಿತ ವಿವರಣೆ ನೀಡಿ ಕೂರತಕ್ಕದ್ದು.

8. ಈ ಭಾಗದ ಹೆಣ್ಣುಮಕ್ಕಳು ಗಂಡನ ಹೆಸರು ಹೇಳಲು ಹಿಂಜರಿದು "ನಮ್ಮ ಹುಡುಗಿ ಅಪ್ಪ" ಎನ್ನುವುದರಿಂದ ಹಿಂದೆಲ್ಲ ತೊಂದರೆಯಾಗುತ್ತಿತ್ತು. ರೆಸ್ಪಾಂಡೆಂಟ್ ಎಂಬ ಪದ ಬಂದ ಮೇಲೆ ಈ ತೊಂದರೆ ನಿವಾರಣೆಯಾಗಿದೆ ಎಂದು ತಿಳಿಸಲು ಹರ್ಷವಾಗುತ್ತದೆ. ಆದರೆ ಸಂಗೀತಾ ಅವರು ಈಚೆಗೆ "ರೆಸ್ಪಾಂಡೆಂಟ್‌ನೋರು ತಿಪಟೂರಿಂದ ಬಂದ್ರಂತಾ? ಅವ್ರಿಗೆ ಧೂಳು ಆಗಲ್ಲ" ಎಂದು ಕೇಳಿರುವುದು ವರದಿಯಾಗಿದೆ. ಸದರಿ ಪದವನ್ನು ಕಾಳಜಿ ಬೆರೆಸಿ ಬಳಸಕೂಡದು.

9. ಅಜ್ಜಿಯರ ಬಗ್ಗೆ: ತಾನು ಅಜ್ಜಿ ಎಂದು ಹೇಳಿಕೊಳ್ಳುವ ಯಾವುದೇ ವ್ಯಕ್ತಿಯು ಆ ಬಗ್ಗೆ ಮೂರು ಪ್ರತಿಗಳಲ್ಲಿ ಪುರಾವೆ ಒದಗಿಸತಕ್ಕದ್ದು. ಮೈನರ್ ಓಡಿಬಂದು ಕೊರಳಿಗೆ ಜೋತು ಬೀಳುವುದನ್ನು ಪುರಾವೆಯಾಗಿ ಪರಿಗಣಿಸಲಾಗುವುದಿಲ್ಲ. ಸೆರಗಿನ ವಾಸನೆ ಹಿಡಿದು ಗುರುತಿಸುವುದನ್ನೂ ಪರಿಗಣಿಸಲಾಗುವುದಿಲ್ಲ. ಪುರಾವೆ ಸಮರ್ಪಕವಾಗಿದ್ದಲ್ಲಿ ಅರ್ಜಿದಾರರು ಅಜ್ಜಿ ಹೌದೆಂದು ದೃಢೀಕರಿಸಿ, ಅಜ್ಜಿಯರಿಗೆ ಪ್ರವೇಶವಿಲ್ಲವೆಂಬ ಕಾರಣದ ಮೇಲೆ ಅರ್ಜಿಯನ್ನು ವಜಾ ಮಾಡಲಾಗುವುದು.

10. ಕೈಬಿಡಲಾಗಿದೆ.

ಸೇರ್ಪಡೆ

ಈ ಸುತ್ತೋಲೆ ಬೆರಳಚ್ಚಿನಲ್ಲಿರುವಾಗಲೇ ಮೂರನೇ ಶನಿವಾರ ಬಂದಿರುತ್ತದೆ. ಕೊಠಡಿಯ ಕಸ ಗುಡಿಸಿ, ಇಂಗ್ಲಿಷ್ ಪದಗಳ ಫಲಕ ತೂಗುಹಾಕಿ, ಫ್ಯಾನ್ ಚಾಲೂ ಮಾಡಿ ಕಾಯಲಾಯಿತು. ಓಂಕಾರೇಶ್ ಅವರು ಎಂದೂ ಇಲ್ಲದ ಹಾಗೆ ಹೊತ್ತಿಗೆ ಮುಂಚೆಯೇ, ಇಸ್ತ್ರಿ ಶರಟು ಹಾಕಿಕೊಂಡು ಒಬ್ಬರೇ ಬಂದರು. ತಾಯಿಯವರು ಎಲ್ಲಿ ಎಂದು ಭೈರೇಶ್ ಕೇಳಿದ್ದಕ್ಕೆ, ನೋಟಿಸು ಕೈಗೆ ಬಂದಂದಿನಿಂದ ಅಡುಗೆಮನೆ ಬಾಗಿಲಲ್ಲಿ ಕೂತಿರುತ್ತಾರೆ, ನನ್ನ ಮುಖವನ್ನೂ ನೋಡುತ್ತಿಲ್ಲ ಎಂದು ತಿಳಿಸಿರುತ್ತಾರೆ. ಥರ್ಡ್ ಪಾರ್ಟಿ ಬರುವುದನ್ನು ನಿಲ್ಲಿಸಿದ್ದು ಘಟಕದ ಸಾಧನೆಯೆಂದು ದಾಖಲಿಸಿಕೊಳ್ಳಲಾಯಿತು.

ಹೊತ್ತು ಕಳೆದರೂ ಕಡೂರಿನಿಂದ ಯಾರೂ ಬರಲಿಲ್ಲ. ಓಂಕಾರೇಶ್ ಮೊಬೈಲ್ ನೋಡಲಿಲ್ಲ, ಗೇಟು ನೋಡುತ್ತಿದ್ದರು. ಅಷ್ಟರಲ್ಲಿ ಮೊಬೈಲೇ ಹೊಡೆದುಕೊಂಡಿತು. ಅದರೊಳಗಿನ ಧ್ವನಿ ಕೊಠಡಿಗೆಲ್ಲ ಕೇಳಿಸುವಷ್ಟು ಗಟ್ಟಿಯಾಗಿತ್ತು.

"ಅಪ್ಪಾ, ಎಲ್ಲಿದ್ದೀಯಾ? ನಾನ್ ಅಜ್ಜಿ ಮನೇಲಿದ್ದೀನಿ. ಅಮ್ಮ ಕರ್ಕೊಂಬಂದ್ರು. ತಾತಂಗೆ ಒರಳು ಒತ್ತಕ್ಕೇ ಆಗ್ತಿಲ್ಲ, ಹಿಟ್ಟು ಗಟ್ಟಿಯಾಗ್ತೈತಂತೆ, ಅಜ್ಜಿ ಬೈತಾವ್ರೆ. ಬೇಗ ಬಾ!"

ಓಂಕಾರೇಶ್ ಎದ್ದು ನಿಂತು, ಎಲ್ಲಿಗೆ ಹೋಗಬೇಕೆಂದು ತೋಚದವರಂತೆ ಫಲಕವನ್ನೊಮ್ಮೆ ನೋಡಿದರು. ಅಂಥ ಸಂದರ್ಭಕ್ಕೆ ಬೇಕಾದ ಪದ ಅದರಲ್ಲಿ ಇರಲಿಲ್ಲ. ಕರ್ತವ್ಯ ನಿರತ ಕಾವಲುಗಾರ ಭೈರೇಶ್ "ಏನ್ ನೋಡ್ತೀರಾ, ಓಡ್ರೀ! ಅಜ್ಜಂಪುರದ್ ಬಸ್ ಹೊಂಟೈತೆ" ಎಂದು ಕೂಗಿ, ಸರ್ಕಾರಿ ಗೇಟನ್ನು ಎರಡೂ ಕದ ಹಾರುಹೊಡೆದು ತೆರೆದಿರುತ್ತಾರೆ.

ಮುಂದಿನದು ಅಂದು ರಾತ್ರಿ ಓಂಕಾರೇಶ್ ಅವರೇ ಭೈರೇಶ್‌ಗೆ ಫೋನಿನಲ್ಲಿ ಹೇಳಿದ್ದು. ಸಂಗೀತಾ ಕಡೂರಿನಿಂದ ಬಸ್ಸಿನಲ್ಲಿ ಬೀರೂರಿಗೆ, ಅಲ್ಲಿಂದ ಅಜ್ಜಂಪುರಕ್ಕೆ, ಯಾವ ತೊಂದರೆಯೂ ಇಲ್ಲದೆ ಬಂದಿರುತ್ತಾರೆ. ಹೊಸ್ತಿಲಾಚೆ ನಿಂತು ಹೀಗೆಂದರಂತೆ:

"ಅತ್ತೆ, ಇವ್ಳನ್ನ ನಿಮ್ ಕೈಗೆ ಕೊಡೋಣ ಅಂತ ಬಂದೆ. ನಾಳೆ ಸಂಜೆ ನಮ್ಮಪ್ಪ ಬಂದು ಕರ್ಕೊಂಡ್ ಹೋಗ್ತಾರೆ. ಕೇಸು ನಡೀತಾ ಇರುತ್ತೆ, ಅದು ನಮ್ಮಿಬ್ರದು. ನಿಮ್ಗೂ ಇವ್ಳಿಗೂ ಯಾವ್ ಕೇಸೂ ಇಲ್ಲ."

ಮಲ್ಲಿಕಾಂಬ ಅವರು ಅಡುಗೆಮನೆ ಬಾಗಿಲಿಂದ ಎದ್ದು ಬಂದು ಮೊಮ್ಮಗಳನ್ನು ಎತ್ತಿಕೊಂಡರು. ಎತ್ತಿಕೊಳ್ಳುವ ಶಕ್ತಿ ಅವರಿಗೆ ಇತ್ತು. ಆಮೇಲೆ ಸೊಸೆಯ ಕಡೆ ತಿರುಗಿ, "ಹೊರಗೆ ಯಾಕ್ ನಿಂತೆ? ನಿನ್ನೂ ಹೊರಗೆ ಕೂರಿಸ್ದೆ ಅಂತ ಹೆಸ್ರು ತರ್ಬೇಡ ನಂಗೆ, ಬಾ ಒಳೀಕೆ" ಎಂದು ಗದರಿದರಂತೆ. ಸಂಗೀತಾ ಒಳಗೆ ಹೋಗಿ ಉಂಡು, ಸಂಜೆಯ ಬಸ್ಸಿಗೆ ಕಡೂರಿಗೆ ಹಿಂದಿರುಗಿರುತ್ತಾರೆ. ಓಂಕಾರೇಶ್ ಅವರೇ ಆಕೆಯನ್ನು ಬೈಕಿನಲ್ಲಿ ಬಸ್‌ಸ್ಟ್ಯಾಂಡಿನ ತನಕ ಬಿಟ್ಟುಬಂದರು ಎನ್ನಲಾಗಿದೆ. ದೃಢಪಟ್ಟಿಲ್ಲ.

ದಾವೆ ಯಥಾಪ್ರಕಾರ ಮುಂದುವರಿದಿದೆ. ಆದರೆ ಅಂದಿನಿಂದ ಯಾವುದೇ ಶನಿವಾರ ಈ ಕುಟುಂಬದವರು ಕೊಠಡಿಗೆ ಬಂದಿಲ್ಲ, ಮೈನರ್ ಬೀರೂರಿನ ಮಾರ್ಗವಾಗಿ ಓಡಾಡುತ್ತಿರುವುದು ತಿಳಿದುಬಂದಿದೆ. ತಾಯಿ ತಾನಾಗಿ ಮಗಳನ್ನು ಅಜ್ಜಿಯ ಮನೆಗೆ ಕಳುಹಿಸುವುದನ್ನು ಆದೇಶದಲ್ಲಿ ಎಲ್ಲಾದರೂ ನಿಷೇಧಿಸಿದೆಯೇ ಎಂದು ಘಟಕವು ಆಸೆಯಿಂದ ಹುಡುಕಿದೆ. ಹಿಂದುಗಡೆಯನ್ನೂ ನೋಡಲಾಗಿದೆ.

ಈ ಬೆಳವಣಿಗೆಗಳ ಹಿನ್ನೆಲೆಯಲ್ಲಿ ಹೆಚ್ಚುವರಿಯಾಗಿ ಈ ಮುಂದಿನಂತೆ ಅಪ್ಪಣೆ ಮಾಡಲಾಗಿದೆ:

11. ಓಂಕಾರೇಶ್ ಅವರು ವಿಸಿಟೇಷನ್ ಕನ್‌ಕ್ಲೂಡೆಡ್ ಎಂದು ಹೇಳದೆ, ರುಜು ಮಾಡದೆ ಓಡಿರುವುದರಿಂದ, ಕಲಂ 6ರ ಪ್ರಕಾರ ಅವರು ಇನ್ನೂ ಕೊಠಡಿಯೊಳಗೇ ಇರುತ್ತಾರೆ. ಅವರಿಗಾಗಿ ಕಚೇರಿ ವೇಳೆಯಲ್ಲಿ ಫ್ಯಾನ್ ಚಾಲೂ ಇಡತಕ್ಕದ್ದು. ಅಜ್ಜಂಪುರದಲ್ಲಿ ಮಗಳನ್ನು ಬೈಕಿನ ಮುಂದೆ ಕೂರಿಸಿಕೊಂಡು ತಿರುಗುತ್ತಿರುವ ವ್ಯಕ್ತಿ ಬೇರೆ ಯಾರೋ ಇರಬೇಕು.

12. ಕೊಠಡಿಯ ಹೊರಗೆ ನಡೆದ ಭೇಟಿಗಳು ನಡೆದೇ ಇಲ್ಲವೆಂದು ಪರಿಗಣಿಸಲಾಗುವುದು. ತತ್ಸಂಬಂಧ ಮಲ್ಲಿಕಾಂಬ ಅವರಿಗೆ ಆಗಿದೆ ಎನ್ನಲಾದ ಸಂತೋಷವು ದಾಖಲೆಯಲ್ಲಿಲ್ಲದ ಕಾರಣ, ಅದು ಆಗಿಲ್ಲವೆಂದು ಅವರಿಗೆ ತಿಳಿಯಪಡಿಸತಕ್ಕದ್ದು.

13. ಈ ಸೋಮವಾರದ ಮೊದಲ ಬಸ್ಸಿನಲ್ಲಿ ಅಜ್ಜಂಪುರದಿಂದ ಭೈರೇಶ್ ಅವರ ಹೆಸರಿಗೆ ಬಂದ, ಶಾವಿಗೆ ತುಂಬಿದ ಸ್ಟೀಲ್ ಕ್ಯಾರಿಯರ್ ಒಂದನ್ನು ಜಪ್ತಿ ಮಾಡಲಾಗಿದೆ. "ಆ ಸಾಹೇಬ್ರಿಗೂ ಕೊಡಪ್ಪಾ, ಅವ್ರೂ ಯಾವ್ದೋ ಅಜ್ಜಿ ಕೈತುತ್ತು ತಿಂದೇ ಬೆಳ್ದಿರ್ತಾರೆ" ಎಂದು ಮಲ್ಲಿಕಾಂಬ ಅವರು ಕಂಡಕ್ಟರ್ ಮುಖಾಂತರ ಹೇಳಿ ಕಳುಹಿಸಿರುತ್ತಾರೆ. ಸದರಿ ಶಾವಿಗೆಯನ್ನು ಕಚೇರಿಯ ಸಿಬ್ಬಂದಿಯ ಸಮಕ್ಷಮ ಪರೀಕ್ಷೆಗೆ ಒಳಪಡಿಸಲಾಗಿದ್ದು, ಪರೀಕ್ಷೆಯ ನಂತರ ಏನೂ ಉಳಿದಿರುವುದಿಲ್ಲ.

ಮೇಲ್ಕಂಡ ಅಪ್ಪಣೆಗಳನ್ನು ಚಾಚೂ ತಪ್ಪದೆ ಪಾಲಿಸತಕ್ಕದ್ದು. ಪಾಲಿಸದಿದ್ದಲ್ಲಿ ಇನ್ನೂ ದೊಡ್ಡ ಇಂಗ್ಲಿಷ್ ಪದಗಳನ್ನು ಬಳಸಬೇಕಾಗುತ್ತದೆ.

ಸಹಿ/-
ಅಧೀಕ್ಷಕರು
ಶಾಖಾ ಮುಖ್ಯಸ್ಥರ ಪರವಾಗಿ
(ಶಾಖಾ ಮುಖ್ಯಸ್ಥರು ಪರೀಕ್ಷೆಯ ನಂತರ ವಿಶ್ರಾಂತಿಯಲ್ಲಿರುತ್ತಾರೆ)

ಪ್ರತಿಗಳು:

1. ಪಿಟಿಷನರ್ ಸಂಗೀತಾ, ಕಡೂರು. ಮಾಹಿತಿಗಾಗಿ, ಹಾಗೂ ಮತ್ತೆ ಹೆದರುವ ಸಲುವಾಗಿ.
2. ರೆಸ್ಪಾಂಡೆಂಟ್ ಓಂಕಾರೇಶ್. ಪ್ರತಿಯನ್ನು ಭೇಟಿ ಕೊಠಡಿಯ ಕುರ್ಚಿಯ ಮೇಲೆ ಇಡುವುದು.
3. ಜಯದೇವಪ್ಪ, ಕಡೂರು. ಕುಳಿತೇ ಸ್ವೀಕರಿಸತಕ್ಕದ್ದು.
4. ಮಲ್ಲಿಕಾರ್ಜುನಪ್ಪ, ಅಜ್ಜಂಪುರ. ಒರಳಿನ ಸಮೇತ ವಿಚಾರಣೆಗೆ ಹಾಜರಾಗಲು.
5. ಕಾಗೆ ಮತ್ತು ಗುಬ್ಬಿ. ಸೂಚನಾ ಫಲಕದ ಮೂಲಕ.
6. ಕಾವಲುಗಾರ ಭೈರೇಶ್. ಮುಂದಿನ ವರದಿಗಳಲ್ಲಿ ಕಣ್ಣೀರು ನಮೂದಿಸದಿರಲು ಕೊನೆಯ ಎಚ್ಚರಿಕೆ.
7. ಮೈನರ್ ನಿಖಿತಾ. ಮೇಜರ್ ಆದ ಮೇಲೆ ಓದಿಕೊಳ್ಳಲು.
8. ಮಲ್ಲಿಕಾಂಬ, ಅಜ್ಜಂಪುರ. ಆದೇಶದಲ್ಲಿ ಇವರು ಇಲ್ಲದ ಕಾರಣ ಇವರಿಗೆ ಪ್ರತಿ ಇಲ್ಲ. ಜಪ್ತಿಯಾದ ಕ್ಯಾರಿಯರನ್ನು ಮಾತ್ರ ತೊಳೆದು ಸಂಜೆ ಬಸ್ಸಿಗೆ ಹಾಕಲಾಗಿದೆ. ಬರಿದಾದ ಪಾತ್ರೆಯನ್ನು ಹಿಂದಿರುಗಿಸಬಾರದಾದ್ದರಿಂದ ಅದರೊಳಗೆ ಒಂದು ಹಿಡಿ ಸಕ್ಕರೆ ಹಾಕಿದೆ. ಸಕ್ಕರೆಯ ಬಗ್ಗೆ ಕಡತದಲ್ಲಿ ಯಾವುದೇ ಪ್ರಸ್ತಾಪ ಇರತಕ್ಕದ್ದಲ್ಲ.